ಎಕ್ಸ್‌ರೇಗಿಂತ ಮೊದಲು ದುಡಿಮೆಯ ಕತೆ: ಕಲ್ಲು ದೂಳಿನ ಕಾಯಿಲೆ ಹುಡುಕಿದ ನನ್ನ ಅನುಭವ

ನಾನು ಶ್ವಾಸಕೋಶದ ಡಾಕ್ಟರು. ಕಲ್ಲಿನ ಕೆಲಸ ಮಾಡುವವರ ಎದೆಗೆ ದೂಳು ಏನು ಮಾಡುತ್ತದೆ ಅನ್ನುವುದು ನನ್ನ ಸಂಶೋಧನೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕ್ವಾರಿ, ಕ್ರಷರ್‌ಗಳ ಕಡೆ ಓಡಾಡಿದ್ದೇ ಜಾಸ್ತಿ. ಈ ಕೆಲಸಕ್ಕೆ ಹೊಸದಾಗಿ ಬರುವ ಡಾಕ್ಟರುಗಳು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಎಕ್ಸ್‌ರೇ ಕೈಗೆ ತಗೊಳ್ಳೋ ಮುಂಚೆ ಆ ಮನುಷ್ಯನ ದುಡಿಮೆಯ ಕತೆ ಪೂರ್ತಿ ಕೇಳಿ ಅನ್ನುತ್ತೇನೆ.

ಯಾಕೆ ಅಂದರೆ ಕಲ್ಲು ದೂಳಿನ ಈ ಕಾಯಿಲೆ, ಅಂದರೆ ಸಿಲಿಕೋಸಿಸ್, ಬಹಳ ತಡವಾಗಿ ತಲೆ ಎತ್ತುತ್ತದೆ. ನಮ್ಮ ಕಡೆಯ ಬಂಡೆ ಬಹುಪಾಲು ಗ್ರಾನೈಟ್ ಮತ್ತು ಅದೇ ಜಾತಿಯ ಕಲ್ಲು. ಗ್ರಾನೈಟ್‌ನಲ್ಲಿ ಶೇ 20ರಿಂದ 60ರಷ್ಟು ಕ್ವಾರ್ಟ್ಜ್ ಇರುತ್ತದೆ, ಅಂದರೆ ಹರಳು ರೂಪದ ಸಿಲಿಕಾ. ಕಲ್ಲು ಒಡೆದಾಗ ಕಣ್ಣಿಗೆ ಕಾಣುವ ದೂಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದ ದೂಳೇ ಅಪಾಯ. 5 ಮೈಕ್ರಾನ್‌ಗಿಂತ ಚಿಕ್ಕ ಕಣ ಸೀದಾ ಗಾಳಿಚೀಲದ ತನಕ ಇಳಿಯುತ್ತದೆ. ತಲೆಗೂದಲ ದಪ್ಪವೇ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿ. ಅಲ್ಲಿ ಕಾವಲಿಗಿರುವ ಮ್ಯಾಕ್ರೋಫೇಜ್ ಕೋಶ ಆ ಕಣವನ್ನು ನುಂಗುತ್ತದೆ. ಆದರೆ ಕರಗಿಸಲು ಆಗುವುದಿಲ್ಲ. ಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಗೆ ಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ. ಸುತ್ತು ಸುತ್ತಿಗೂ ಉರಿಯೂತ, ಕೊನೆಗೆ ಗಟ್ಟಿ ನಾರಿನ ಗಂಟು. ಕೆಲಸ ಬಿಟ್ಟ ಮೇಲೂ ಇದು ಒಳಗೊಳಗೇ ಮುಂದುವರಿಯಬಹುದು. ಸಾಮಾನ್ಯವಾಗಿ ಕಾಯಿಲೆ ಕಾಣುವುದು 10 ವರ್ಷ ದಾಟಿದ ಮೇಲೆ. ದೂಳು ವಿಪರೀತ ಇದ್ದ ಕಡೆ ಇನ್ನೂ ಬೇಗ. ದಮ್ಮು ಶುರುವಾಗುವ ಹೊತ್ತಿಗೆ ಎಷ್ಟೋ ಜನ ಕ್ವಾರಿ ಬಿಟ್ಟು ಬೇರೆ ಏನೋ ಮಾಡುತ್ತಿರುತ್ತಾರೆ.

ಐವತ್ತರ ಆಸುಪಾಸಿನ ಒಬ್ಬರು ಬಂದಿದ್ದರು. ಆಸ್ಪತ್ರೆ ಚೀಟಿಯಲ್ಲಿ ಉದ್ಯೋಗ 'ಕೃಷಿ' ಅಂತ ಇತ್ತು.

"ಈಗ ಏನ್ ಮಾಡ್ಕೊಂಡಿದೀರಾ ಯಜಮಾನ್ರೇ?"

"ನಾಕು ಕುರಿ ಅವೆ ಮೇಡಂ. ಅದ್ನೇ ನೋಡ್ಕೊಂಡಿದೀನಿ."

"ದೊಡ್ಡ ಮಗಳು ಹುಟ್ಟಿದಾಗ?"

"ಆವಾಗ ಜಲ್ಲಿ ಮಿಷಿನ್ ಹತ್ರ ಇದ್ದೆ."

"ಮದುವೆಗೂ ಮುಂಚೆ?"

ಅವರು ಯೋಚನೆ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಡತಿಯೇ ಬಾಯಿ ಹಾಕಿದರು. "ಕಂಪ್ರೆಸರ್ ಕೆಲ್ಸಕ್ಕೆ ಹೋಗ್ತಿದ್ರಲ್ಲ, ಹೇಳಿ. ನಾನು ಮದ್ವೆ ಆಗಿ ಬಂದಾಗ್ಲೂ ಅದೇ ಕೆಲ್ಸ ಮೇಡಂ. ಸಂಜೆ ಬಂದ್ರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂಗಿರೋರು, ಹುಬ್ಬೂ ಬೆಳ್ಳಗೆ."

ಕಂಪ್ರೆಸರ್ ಕೆಲಸ ಅಂದರೆ ಗಾಳಿ ಒತ್ತಡದ ಜಾಕ್ ಹ್ಯಾಮರ್ ಹಿಡಿದು ಬಂಡೆಗೆ ತೂತು ಹೊಡೆಯುವುದು. ನೀರು ಹಾಯಿಸದೆ ಹೊಡೆದರೆ ನುಣ್ಣನೆಯ ದೂಳೆಲ್ಲ ಹಿಡಿದವನ ಮುಖಕ್ಕೇ. ಕ್ವಾರಿಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಕಡಿಮೆ. ಚೀಟಿಯಲ್ಲಿದ್ದ 'ಕೃಷಿ' ಅನ್ನುವ ಪದದಲ್ಲಿ ಇದ್ಯಾವುದೂ ಇರಲಿಲ್ಲ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮದುವೆ, ಮಕ್ಕಳು ಹುಟ್ಟಿದ್ದು, ಮಳೆ ಕೈಕೊಟ್ಟ ವರ್ಷ, ಮನೆ ಕಟ್ಟಿದ್ದು ಇವನ್ನೆಲ್ಲ ಒಂದು ಗೆರೆ ಮೇಲೆ ಗುರುತು ಹಾಕುತ್ತೇನೆ. ಆಮೇಲೆ ನಡುವಿನ ಒಂದೊಂದು ತುಂಡಿಗೂ ಕೇಳುತ್ತೇನೆ. ಯಾವ ಕಲ್ಲು? ಕೈಲಿ ಏನಿತ್ತು, ಉಳಿ ಸುತ್ತಿಗೆಯೋ, ಜಾಕ್ ಹ್ಯಾಮರೋ, ಕಟಿಂಗ್ ಮಿಷಿನ್ನೋ? ನೀರು ಬಿಡ್ತಿದ್ರಾ? ಬಯಲೋ, ಶೆಡ್ಡಿನ ಒಳಗೋ? ವರ್ಷಕ್ಕೆ ಎಷ್ಟು ತಿಂಗಳು? ಹೆಂಡತಿಯೋ ತಾಯಿಯೋ ಜೊತೆಗಿದ್ದರೆ ಕತೆ ಇನ್ನೂ ಚೆನ್ನಾಗಿ ಕೂಡಿ ಬರುತ್ತದೆ. ಬಟ್ಟೆ ಒಗೆದವರಿಗೆ ದೂಳಿನ ಲೆಕ್ಕ ಗೊತ್ತಿರುತ್ತದೆ.

ಕೋಲಾರದ ಕಡೆ ಈ ಕೆಲಸ ಮಾಡುವಾಗ ಕೆಜಿಎಫ್ ಮರೆಯೋಕಾಗಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದೊಡ್ಡ ಪ್ರಮಾಣದಲ್ಲಿ ದಾಖಲಾಗಿದ್ದು ಅಲ್ಲಿನ ಚಿನ್ನದ ಗಣಿಗಳಲ್ಲೇ, 1940ರ ದಶಕದಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಆದರೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರಿನ ಮಧ್ಯೆ ಇನ್ನೂ ಇವೆ. ಗಾಳಿ ಜೋರಾದ ತಿಂಗಳುಗಳಲ್ಲಿ ಆ ಪುಡಿ ಮನೆಗಳ ಮೇಲೆ ಬೀಳುತ್ತದೆ. ಕೆಲಸದ ಕಾಯಿಲೆ, ಪರಿಸರದ ಕಾಯಿಲೆ ಅಂತ ನಾವು ಕಾಗದದ ಮೇಲೆ ಎಳೆಯುವ ಗೆರೆ ಅಲ್ಲಿ ನಿಲ್ಲುವುದಿಲ್ಲ.

ಇನ್ನು ಎಕ್ಸ್‌ರೇ. ಇದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಮಾಡಿರುವ ಪದ್ಧತಿ ಇದೆ. ಅವರ ಮಾದರಿ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ಓದಬೇಕು. ದುಂಡನೆಯ ಚುಕ್ಕೆ 1.5 ಮಿಲಿಮೀಟರ್ ತನಕ ಇದ್ದರೆ ಪಿ, 3 ತನಕ ಕ್ಯೂ, 10 ತನಕ ಆರ್. ಅದಕ್ಕೂ ದೊಡ್ಡದಾದರೆ ಗಂಟುಗಳು ಕೂಡಿಕೊಂಡಿವೆ ಅಂತ ಅರ್ಥ. ಚುಕ್ಕೆ ಎಷ್ಟು ದಟ್ಟ ಅನ್ನುವುದಕ್ಕೆ 12 ಮೆಟ್ಟಿಲು. 1/0 ಅಂತ ಬರೆದರೆ 'ಇದೆ ಅಂತ ಬರೆದಿದ್ದೇನೆ, ಇಲ್ಲದಿರಬಹುದಾ ಅಂತಲೂ ಯೋಚಿಸಿದ್ದೇನೆ' ಎಂದು. ಡಾಕ್ಟರ ಅನುಮಾನಕ್ಕೂ ಒಂದು ಜಾಗ ಕೊಟ್ಟಿರುವುದು ನನಗೆ ಬಹಳ ಇಷ್ಟ. ಅಧ್ಯಯನಕ್ಕೆ ಓದುವವರು ಕನಿಷ್ಠ ಇಬ್ಬರಿರಬೇಕು, ಬೇರೆ ಬೇರೆ ಕೂತು ಓದಬೇಕು. ಅವರಿಗೆ ದುಡಿಮೆಯ ಕತೆ ಗೊತ್ತಿರಬಾರದು. ಕತೆ ಕೇಳಿದವಳು ನಾನಾದರೆ ಆ ಎಕ್ಸ್‌ರೇ ಓದುವವರು ಬೇರೆಯವರು. ಎರಡೂ ಕೂಡುವುದು ಕೊನೆಗೆ, ಒಂದೇ ಮೇಜಿನ ಮೇಲೆ.

ಹೀಗೆ ಕೂಡಿಸದಿದ್ದರೆ ಏನಾಗುತ್ತದೆ ಅಂದರೆ ಟಿಬಿ ಅಂತ ಆಗುತ್ತದೆ. ಸಿಲಿಕೋಸಿಸ್‌ನ ಚುಕ್ಕೆಗಳು ಶ್ವಾಸಕೋಶದ ಮೇಲ್ಭಾಗದಲ್ಲೇ ಜಾಸ್ತಿ. ಟಿಬಿಯೂ ಅಲ್ಲೇ ಬರುತ್ತದೆ. ಕೆಮ್ಮು, ತೂಕ ಇಳಿಯುವುದು, ಸುಸ್ತು ಎಲ್ಲ ಒಂದೇ ಥರ. ಕಫದಲ್ಲಿ ಏನೂ ಸಿಗದಿದ್ದರೂ ಎಕ್ಸ್‌ರೇ ನೋಡಿ ಆರು ತಿಂಗಳ ಮಾತ್ರೆ ಶುರು ಮಾಡುತ್ತಾರೆ. ಮುಗಿದ ಮೇಲೆ ಎಕ್ಸ್‌ರೇ ಹಾಗೇ ಇರುತ್ತದೆ, ಮತ್ತೆ ಮಾತ್ರೆ. ಇಂಥವರನ್ನು ನೋಡಿದಾಗ ನನಗೆ ತುಂಬ ಸಂಕಟ ಆಗುತ್ತದೆ. ಹಾಗಂತ ಟಿಬಿ ಇಲ್ಲವೇ ಇಲ್ಲ ಅಂತ ಕೈಬಿಡುವ ಹಾಗೂ ಇಲ್ಲ. ಸಿಲಿಕೋಸಿಸ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಅದಕ್ಕೇ ಪ್ರತಿಯೊಬ್ಬರ ಕಫವನ್ನೂ ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಕಳಿಸುತ್ತೇವೆ. ಎರಡು ಕಾಯಿಲೆಯೂ ಒಟ್ಟಿಗೇ ಇರಬಹುದು ಅಂತ ಇಟ್ಟುಕೊಂಡೇ ನೋಡುತ್ತೇವೆ.

ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆಯನ್ನೂ ಮಾಡುತ್ತೇವೆ. ಆದರೆ ಕಾಯಿಲೆಯ ಆರಂಭದಲ್ಲಿ ಅದು ಪೂರ್ತಿ ಸರಿಯಾಗೇ ಬರಬಹುದು, ಹಾಗಾಗಿ ಅದೊಂದನ್ನೇ ನಂಬಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಬೇಗ ಗುರುತಿಸಲು ರಕ್ತದಲ್ಲಿ ಸಿಸಿ16 ಅನ್ನುವ ಪ್ರೋಟೀನ್ ಕಡಿಮೆಯಾಗುವುದನ್ನು ನೋಡುವ ದಾರಿಯ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸ ಮಾಡಿದೆ. ಹಳ್ಳಿಗಳಲ್ಲಿ ಮೊದಲ ಜರಡಿಗೆ ಅದು ಉಪಯೋಗಕ್ಕೆ ಬರುತ್ತದೆ ಅನ್ನುವ ಆಸೆ ನನಗಿದೆ.

ಗಾಳಿಯಲ್ಲಿ ಎಷ್ಟು ದೂಳಿದೆ ಅಂತ ಅಳೆಯುವುದು ಇನ್ನೊಂದು ದೊಡ್ಡ ಕೆಲಸ. ಸೊಂಟಕ್ಕೆ ಪುಟ್ಟ ಪಂಪು, ಕಾಲರಿಗೆ ಕ್ಲಿಪ್ ಹಾಕಿದ ಸೈಕ್ಲೋನ್. ಸೈಕ್ಲೋನ್ ದಪ್ಪ ದೂಳನ್ನು ಕೆಳಗೆ ಬೀಳಿಸಿ ನುಣ್ಣನೆಯದನ್ನು ಮಾತ್ರ ಫಿಲ್ಟರಿಗೆ ಬಿಡುತ್ತದೆ. ಆ ಫಿಲ್ಟರನ್ನು ದೂಳು ಹಿಡಿಯುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತೇವೆ. ನಂತರ ಅದರಲ್ಲಿ ಕ್ವಾರ್ಟ್ಜ್ ಎಷ್ಟು ಅಂತ ಲ್ಯಾಬಿನಲ್ಲಿ ನೋಡುತ್ತೇವೆ. ಮಿತಿಗೆ ನಾವು ಬಳಸಿದ್ದು ಆಗ ಇದ್ದ ಕಾರ್ಖಾನೆ ಕಾಯ್ದೆಯ ಸೂತ್ರ: 10ನ್ನು, ಕ್ವಾರ್ಟ್ಜ್ ಶೇಕಡಾವಾರಿಗೆ 2 ಸೇರಿಸಿ ಭಾಗಿಸಬೇಕು. ದೂಳಿನಲ್ಲಿ ಶೇ 30 ಕ್ವಾರ್ಟ್ಜ್ ಇದ್ದರೆ 10 ಭಾಗಿಸು 32, ಅಂದರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 0.31 ಮಿಲಿಗ್ರಾಂ ನುಣ್ಣನೆಯ ದೂಳು. ಅದರಲ್ಲಿ ಕ್ವಾರ್ಟ್ಜ್ 0.09ರಷ್ಟು. ಅಮೆರಿಕದಲ್ಲಿ 2016ರಲ್ಲಿ ಈ ಮಿತಿಯನ್ನು 0.05ಕ್ಕೆ ಇಳಿಸಿದರು. ನಮ್ಮದು ಹೆಚ್ಚುಕಡಿಮೆ ದುಪ್ಪಟ್ಟು ಸಡಿಲ. ಇದು ಬಿಗಿಯಾಗಲೇಬೇಕು.

ಅಳತೆಗೆ ಹೋಗುವವರಿಗೆ ಒಂದು ಕಿವಿಮಾತು. ಡಾಕ್ಟರು ಬರುತ್ತಾರೆ ಅಂತ ಗೊತ್ತಾದ ದಿನ ಕೆಲವು ಕಡೆ ಬೆಳಿಗ್ಗೆಯೇ ಟ್ಯಾಂಕರ್ ಬಂದು ದಾರಿಗೆಲ್ಲ ನೀರು ಹೊಡೆದಿರುತ್ತದೆ. ಆ ಒಂದು ದಿನದ ಅಂಕಿ ನಂಬಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿಯಲ್ಲಿ ಪಂಪು ಕಟ್ಟಿ. ಮೇಸ್ತ್ರಿಗಳ ಜೊತೆ ಚೆನ್ನಾಗಿರಿ, ನಿಜವಾದ ದಿನ ಹೇಗಿರುತ್ತೆ ಅಂತ ಹೇಳುವವರು ಅವರೇ.

ಹೆಂಗಸರನ್ನು ಬಿಡಬೇಡಿ. ಕೈಯಲ್ಲಿ ಜಲ್ಲಿ ಒಡೆಯುವವರಲ್ಲಿ ಅವರೂ ಇದ್ದಾರೆ, ಆದರೆ ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಮಾತ್ರ. ಮನೆಗೆ ಹೋದರೆ ಸೌದೆ ಒಲೆ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ ದಿನಕ್ಕೆ ಒಲೆ ಮುಂದೆ ಕೂರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ನೋಡಿತ್ತು. ಆ ಲೆಕ್ಕ 60 ಮುಟ್ಟಿದ ಮೇಲೆ ಬಿಡದ ಕೆಮ್ಮು, ಕಫದ ಕಾಯಿಲೆ ಹೆಚ್ಚಾಗಿ ಕಂಡಿತು. ದಿನಕ್ಕೆ 3 ಗಂಟೆಯಂತೆ 20 ವರ್ಷ ಆದರೆ 60 ಆಯಿತಲ್ವಾ? ಅದಕ್ಕೇ ನಮ್ಮ ಹಾಳೆಯಲ್ಲಿ ಕಲ್ಲಿನ ಪಕ್ಕದಲ್ಲೇ ಒಲೆಗೂ ಒಂದು ಕಾಲಂ ಇದೆ.

ಸಿಲಿಕೋಸಿಸ್ ವಾಸಿ ಮಾಡುವ ಔಷಧಿ ಇಲ್ಲ. ತಡೆಯುವುದು ಮಾತ್ರ ಸಾಧ್ಯ, ತಡೆಯುವುದು ನೀರು. ತೂತು ಹೊಡೆಯುವ ತುದಿಗೆ ನೀರು, ಕ್ರಷರಿನ ಬಾಯಿಗೆ ನೀರು, ಎಂ-ಸ್ಯಾಂಡ್ ಬೀಳುವ ಬೆಲ್ಟಿಗೆ ಹೊದಿಕೆ. ಮುಖಕ್ಕೆ ಸುತ್ತುವ ಟವೆಲ್ ನುಣ್ಣನೆಯ ದೂಳನ್ನು ತಡೆಯುವುದಿಲ್ಲ. ಒಳ್ಳೆಯ ಮಾಸ್ಕ್ ತಡೆಯುತ್ತದೆ, ಆದರೆ ಬಿಸಿಲಲ್ಲಿ ಬಂಡೆ ಮೇಲೆ ನಿಂತು ಇಡೀ ದಿನ ಅದನ್ನು ಹಾಕಿಕೊಂಡಿರಿ ಅನ್ನುವುದು ಕಷ್ಟದ ಮಾತು.

ಆಗಲೇ ಕಾಯಿಲೆ ಬಂದವರಿಗೆ ಬೇಕಾಗಿರುವುದು ದಾಖಲೆ. ನೌಕರರ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಆದರೆ ಕೇಳಲು ಹೋದರೆ ಎಲ್ಲಿ ಕೆಲಸ ಮಾಡಿದ್ದು ಅನ್ನುವುದಕ್ಕೆ ಕೈಯಲ್ಲಿ ಚೀಟಿ ಇರುವುದಿಲ್ಲ. ರಾಜಸ್ಥಾನ 2019ರಲ್ಲಿ ತಂದ ನೀತಿಯಲ್ಲಿ ಕಾಯಿಲೆ ಖಾತ್ರಿಯಾದವರಿಗೆ 3 ಲಕ್ಷ, ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಸರ್ಕಾರವೇ ಕೊಡುತ್ತದೆ. ಅಂಥ ದಾರಿ ಎಲ್ಲ ಕಲ್ಲು ಕೆಲಸದವರಿಗೂ ಇರಬೇಕು. ಅಲ್ಲಿಯವರೆಗೆ ನಾನು ದುಡಿಮೆಯ ಕತೆಯ ಹಾಳೆಯನ್ನು ಎರಡು ಪ್ರತಿ ಮಾಡುತ್ತೇನೆ. ಒಂದು ಅಧ್ಯಯನಕ್ಕೆ. ಇನ್ನೊಂದಕ್ಕೆ ಸಹಿ, ಮೊಹರು, ತಾರೀಕು ಹಾಕಿ, ಎಕ್ಸ್‌ರೇ ಕವರಿನೊಳಗಿಟ್ಟು ಅವರ ಹೆಂಡತಿಯ ಕೈಗೇ ಕೊಡುತ್ತೇನೆ.