ಪುಟಾಣಿಗಳ ಅಂಗಳಕ್ಕೊಂದು ಸವಾರಿ ಬಂಡಿ: ಮಾಡಿಸುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಸವಾರಿ ಆಟಿಕೆಗಳಲ್ಲಿ ಗುಂಡಿ ಒತ್ತಿದರೆ ಹಾಡು ಬರುತ್ತದೆ, ಮೈತುಂಬ ಎಬಿಸಿಡಿ ಅಂಟಿಸಿರುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಗೆ ಇವೆರಡೂ ಬೇಕಿಲ್ಲ. ಬೇಕಿರುವುದು ಒಬ್ಬರೇ ಆಡಿದರೆ ಆಟ ಪೂರ್ತಿಯಾಗದಂಥ ಬಂಡಿ. ಒಬ್ಬಳು ಓಡಿಸಬೇಕು, ಇನ್ನೊಬ್ಬ ಹಿಂದೆ ಕೂರಬೇಕು, ಮತ್ತೊಬ್ಬ ತಳ್ಳಬೇಕು. ಆಗ ಸರದಿ, ಜಗಳ, ರಾಜಿ, ಮಾತು ಎಲ್ಲವೂ ತಾವಾಗಿಯೇ ಬರುತ್ತವೆ. ಅಂಗನವಾಡಿ ಅಥವಾ ನರ್ಸರಿಗೆ ಇಂಥ ಬಂಡಿಯನ್ನು ಊರಿನ ಬಡಗಿ ಮತ್ತು ವೆಲ್ಡಿಂಗ್ ಅಂಗಡಿಯವರ ಕೈಯಲ್ಲೇ ಮಾಡಿಸಬಹುದು.

ಮೊದಲು ಮಕ್ಕಳ ಅಳತೆ ತೆಗೆಯಿರಿ. ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಸಂದಿಯಿಂದ ನೆಲದವರೆಗಿನ ಎತ್ತರ ಬರೆದುಕೊಳ್ಳಿ. ಎಲ್ಲರಿಗಿಂತ ಕುಳ್ಳಗಿರುವ ಮಗುವಿನ ಅಳತೆಗಿಂತ ಎರಡು-ಮೂರು ಸೆಂ.ಮೀ. ಕೆಳಗೆ ಸೀಟು ಇರಲಿ. ಪಾದಗಳೆರಡೂ ಪೂರ್ತಿ ನೆಲಕ್ಕೆ ಊರಬೇಕು, ಏಕೆಂದರೆ ಈ ಬಂಡಿಗೆ ಎಂಜಿನ್ನೂ ಕಾಲೇ, ಬ್ರೇಕೂ ಕಾಲೇ. ಪೆಡಲ್ ಬೇಡ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ, ಸೈಕಲ್ಲಿನ ಪೂರ್ವಜ ಎನಿಸಿದ ಬಂಡಿಗೂ ಪೆಡಲ್ ಇರಲಿಲ್ಲ; ನೆಲ ಒದ್ದೇ ಓಡಿಸುತ್ತಿದ್ದರು.

ಈಗ ಚೌಕಟ್ಟು. ಎಡಬಲ ಗಾಲಿಗಳ ನಡುವಿನ ಅಗಲ ಸೀಟಿನ ಎತ್ತರಕ್ಕಿಂತ ಹೆಚ್ಚಿರಲಿ. ನಾಲ್ಕು ಗಾಲಿ ಮೇಲು, ಮೂರು ಗಾಲಿಯದು ತಿರುವಿನಲ್ಲಿ ಬೇಗ ವಾಲುತ್ತದೆ. ಮಣ್ಣಿನ ಅಂಗಳಕ್ಕೆ 15ರಿಂದ 20 ಸೆಂ.ಮೀ. ವ್ಯಾಸದ ರಬ್ಬರ್ ಗಾಲಿಯೇ ಬೇಕು, ಚಿಕ್ಕವು ಹೂತುಕೊಳ್ಳುತ್ತವೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ 30 ಡಿಗ್ರಿ ದಾಟದಂತೆ ತಡೆ ಕೊಡಿಸಿ. ಗಾಲಿಗೂ ಚೌಕಟ್ಟಿಗೂ ನಡುವಿನ ಸಂದು 5 ಮಿ.ಮೀ.ಗಿಂತ ಕಿರಿದಾಗಿರಬೇಕು, ಇಲ್ಲವೇ 12 ಮಿ.ಮೀ.ಗಿಂತ ಅಗಲವಿರಬೇಕು. ನಡುವಿನ ಅಳತೆಯಲ್ಲೇ ಪುಟ್ಟ ಬೆರಳು ಸಿಕ್ಕಿಬೀಳುವುದು. ಇದರಲ್ಲಿ ಮಾತ್ರ ಯಾರೊಂದಿಗೂ ರಾಜಿ ಬೇಡ.

ಹಲಗೆಗೆ ತೇಗ ಅಥವಾ ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಡೆಯುವ ಮೆರೈನ್ ಪ್ಲೈವುಡ್ ಆದೀತು. ಚನ್ನಪಟ್ಟಣದ ಅರಗಿನ ಬಣ್ಣ ಎಷ್ಟೇ ಚೆಂದವಿದ್ದರೂ ಒಳಾಂಗಣದ ಆಟಿಕೆಗೇ ಸರಿ. ಅರಗು ಬಿಸಿಗೆ ಮೆತ್ತಗಾಗುತ್ತದೆ, ನೀರು ನಿಂತರೆ ಬಿಳಿಚಿಕೊಳ್ಳುತ್ತದೆ. ಹೊರಗಿಡುವ ಬಂಡಿಗೆ ಸೀಸವಿಲ್ಲದ ಬಣ್ಣ ಕೇಳಿ ತನ್ನಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ.

ಬಂಡಿಗೆ ಕಣ್ಣು, ಮೂಗು, ಕಾರಿನ ಮೋರೆ ಬರೆಸಬೇಡಿ. ಬರೀ ಬಂಡಿಯಾಗಿದ್ದರೆ ಅದು ಇಂದು ಬಸ್ಸು, ನಾಳೆ ಆಂಬುಲೆನ್ಸ್, ನಾಡಿದ್ದು ಸೊಪ್ಪಿನ ಗಾಡಿ. ಹಿಂದೆ ಒರಗು, ಕೈಹಿಡಿ ಇರುವ ಅಗಲ ಸೀಟು ಇಡಿಸಿ. ಕಾಲಿಗೆ ಬಲ ಸಾಲದ ಮಗುವೂ ಆಟಕ್ಕೆ ಸೇರಿಕೊಳ್ಳುತ್ತದೆ. ಅದರಾಚೆ ಒಂದು ತೆರೆದ ಪೆಟ್ಟಿಗೆ. ಅದಕ್ಕೆ ಮರಳು ತುಂಬಿದರೆ ತಳ್ಳುವುದು ಕಷ್ಟ, ಅರ್ಧ ಸುರಿದರೆ ಸಲೀಸು. ಭಾರ ಎಂದರೇನೆಂದು ಮೈಗೇ ಗೊತ್ತಾಗುತ್ತದೆ. ಹಳೆಯ ಬಸ್ ಟಿಕೆಟ್‌ಗಳನ್ನೂ ಒಂದು ಪೀಪಿಯನ್ನೂ ಕೈಗಿಡಿ. ಕಂಡಕ್ಟರ್ ಆದವನು ಎಣಿಸಲೇಬೇಕು, ಚಿಲ್ಲರೆಗಾಗಿ ವಾದಿಸಲೇಬೇಕು. ರಂಗೋಲಿ ಪುಡಿಯಲ್ಲಿ ಒಮ್ಮುಖ ದಾರಿ ಎಳೆದು, ಮರ, ಬಾವಿ, ಅಂಗಡಿಯ ಚಿತ್ರವಿರುವ ನಿಲ್ದಾಣಗಳನ್ನಿಟ್ಟರೆ ಡಿಕ್ಕಿಯೂ ಕಡಿಮೆ, ಅಕ್ಷರ ಬಾರದವರೂ ದಾರಿ ಓದುತ್ತಾರೆ.

ಇಪ್ಪತ್ತು ಮಕ್ಕಳಿಗೆ ಮೂರು ಬಂಡಿ ಸಾಕು. ತಲೆಗೊಂದು ಕೊಟ್ಟರೆ ಎಲ್ಲರೂ ಒಂಟಿ ಸವಾರರಾಗುತ್ತಾರೆ.

ಮಕ್ಕಳಿಗೆ ಕೊಡುವ ಮೊದಲು 50 ಕೆ.ಜಿ. ಮೂಟೆ ಹೇರಿ ಇಡೀ ರಾತ್ರಿ ಬಿಡಿ, ಬೆಳಗ್ಗೆ ಉಬ್ಬು-ತಗ್ಗಿನ ಮೇಲೆ ಎಳೆದು ನೋಡಿ. ಪ್ರತಿ ಶನಿವಾರ ನಟ್ಟುಗಳನ್ನು ಬಿಗಿ ಮಾಡಿ, ಹಲಗೆಯ ಮೇಲೆ ಕೈಯಾಡಿಸಿ ಸಿಬಿರು ಎದ್ದಿದೆಯೇ ನೋಡಿ. ಇದನ್ನೇ ತಯಾರಿಸಿ ಮಾರಲು ಹೊರಟರೆ, 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ.