ಟ್ಯಾನ್ ಇನ್ವರ್ಸ್ ಒಳಗೆ ‘ಇ’ ಕೂತಿದ್ದರೆ ಅವಕಲನ ಹೇಗೆ?

ದ್ವಿತೀಯ ಪಿಯು ಮಕ್ಕಳ ಲೆಕ್ಕದ ಪುಸ್ತಕ ತಿದ್ದಿ ತಿದ್ದಿ ನನಗೆ ಒಂದು ಖಾತ್ರಿಯಾಗಿದೆ. ಈ ಲೆಕ್ಕದಲ್ಲಿ ಸೂತ್ರ ಮರೆಯುವವರು ಕಡಿಮೆ, ವರ್ಗ ಮಾಡುವಾಗ ಮುಗ್ಗರಿಸುವವರೇ ಹೆಚ್ಚು. ವೈ = ಟ್ಯಾನ್ ಇನ್ವರ್ಸ್ (ಇ^ಎಕ್ಸ್) ಅನ್ನೇ ನೋಡೋಣ.

ಹಂತ 1: ಒಳಗಿರುವ ಇ^ಎಕ್ಸ್‌ಗೆ ‘ಯು’ ಎಂದು ಹೆಸರಿಡಿ. “ಮನಸ್ಸಲ್ಲೇ ಮಾಡ್ತೀನಿ ಸರ್” ಎನ್ನುವವರೂ ಹಾಳೆಯ ಮೇಲೆ ಬರೆಯಲೇಬೇಕು.

ಹಂತ 2: ಸರಪಳಿ ನಿಯಮ, ಅಂದರೆ ಹೊರಗಿನದರ ಅವಕಲನವನ್ನು ಒಳಗಿನದರ ಅವಕಲನದಿಂದ ಗುಣಿಸುವುದು. ಟ್ಯಾನ್ ಇನ್ವರ್ಸ್ (ಯು) ಅವಕಲನ 1/(1 + ಯು²) ತಾನೇ. 1/(1 + ಯು²) ಅನ್ನು ಯು‌ನ ಅವಕಲನದಿಂದ ಗುಣಿಸಿ. ಇ^ಎಕ್ಸ್‌ನ ಅವಕಲನ ಅದೇ ಇ^ಎಕ್ಸ್.

ಹಂತ 3: ಇನ್ನು ಯು². ಬಹಳ ಜನ ಇಲ್ಲಿ ಕಣ್ಣು ಮುಚ್ಚಿಕೊಂಡು ಇ^(ಎಕ್ಸ್²) ಬರೆದುಬಿಡುತ್ತಾರೆ. ಒಂದೇ ಆಧಾರದ ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕು: ಎಕ್ಸ್ + ಎಕ್ಸ್, ಅಂದರೆ 2ಎಕ್ಸ್. ನಂಬಿಕೆ ಬಾರದಿದ್ದರೆ ಇ³ × ಇ³ ಮಾಡಿ ನೋಡಿ. ಇ⁶ ಬರುತ್ತದೆ, ಇ⁹ ಅಲ್ಲ. ಹಾಗಾಗಿ ಉತ್ತರ ಇ^ಎಕ್ಸ್/(1 + ಇ^(2ಎಕ್ಸ್)).

ಕೆಲವು ಗೈಡುಗಳು ಅಂಶ, ಛೇದ ಎರಡನ್ನೂ ಇ^ಎಕ್ಸ್‌ನಿಂದ ಭಾಗಿಸಿ, ಏನೂ ಹೇಳದೆ 1/(ಇ^ಎಕ್ಸ್ + ಇ^(−ಎಕ್ಸ್)) ಎಂದು ಛಾಪಿಸಿರುತ್ತವೆ. ಅದನ್ನು ಕಂಡು ಸರಿಯಾದ ಉತ್ತರವನ್ನೇ ಹೊಡೆದುಹಾಕಿದವರಿದ್ದಾರೆ. ಎರಡೂ ಒಂದೇ, ಗಾಬರಿ ಬೇಡ.

ಹಂತ 4: ತಾಳೆ ನೋಡುವುದು. ಸುಲಭವೆಂದು ಎಕ್ಸ್ = 0 ಹಾಕಿದರೆ ಮೋಸ ಹೋಗುತ್ತೀರಿ. ಸರಿಯುತ್ತರಕ್ಕೂ 1/2, ಇ^(ಎಕ್ಸ್²) ಬರೆದ ತಪ್ಪುತ್ತರಕ್ಕೂ 1/2! ಎಕ್ಸ್ = 2 ಹಾಕಿದರೂ ಅದೇ ಕಥೆ, 2² ಮತ್ತು 2 × 2 ಎರಡೂ 4 ತಾನೇ. ಎಕ್ಸ್ = 1 ಹಾಕಿ: ಸರಿಯಾದದ್ದು 0.324, ತಪ್ಪಾದದ್ದು 0.731. ಆಮೇಲೆ ಕ್ಯಾಲ್ಕುಲೇಟರ್‌ನಲ್ಲಿ ಎಕ್ಸ್ = 1.01ಕ್ಕೂ 1ಕ್ಕೂ ವೈ ಬೆಲೆ ತೆಗೆದು, ವ್ಯತ್ಯಾಸವನ್ನು 0.01ರಿಂದ ಭಾಗಿಸಿ. ಸುಮಾರು 0.32 ಬರಬೇಕು. 18ರ ಮೇಲೆ ಬಂತೇ? ಲೆಕ್ಕ ಸರಿಯಿದೆ, ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. ರೇಡಿಯನ್‌ಗೆ ಬದಲಿಸಿ.

ಒಳಗಿನದು ಹೊರಗಾದರೆ, ಅಂದರೆ ಇ^(ಟ್ಯಾನ್ ಇನ್ವರ್ಸ್ ಎಕ್ಸ್) ಕೊಟ್ಟರೆ, ಕೆಲಸ ಇನ್ನೂ ಹಗುರ. ಇಡೀ ಪದವನ್ನು ಹಾಗೆಯೇ ಬರೆದು 1 + ಎಕ್ಸ್²ನಿಂದ ಭಾಗಿಸಿ, ಮುಗಿಯಿತು.

ಸೈನ್ ಇನ್ವರ್ಸ್ (ಇ^ಎಕ್ಸ್) ಬಂದರೆ ಛೇದದಲ್ಲಿ √(1 − ಇ^(2ಎಕ್ಸ್)) ಇರುತ್ತದೆ, ಅಂಶದಲ್ಲಿ ಇ^ಎಕ್ಸ್. ಪಕ್ಕದಲ್ಲಿ ‘ಎಕ್ಸ್ < 0’ ಎಂದು ಬರೆಯಿರಿ. ಎಕ್ಸ್ ಸೊನ್ನೆಯಾದರೆ ಛೇದವೂ ಸೊನ್ನೆ, ಅದಕ್ಕಿಂತ ಮೇಲೆ ಹೋದರೆ ಸೈನ್ ಇನ್ವರ್ಸ್ ಒಳಗೆ 1ಕ್ಕಿಂತ ದೊಡ್ಡ ಸಂಖ್ಯೆಯನ್ನು ತುರುಕಿದಂತೆ.