ವ್ಯಾನಿನ ಮೇಲೆ ಡಿಶ್ ಕೂರಿಸಿದ್ದು

ಹಳೆ ಟೆಂಪೊ ಟ್ರಾವೆಲರಿನ ಸೀಟು ಕಿತ್ತು ಮಂಚ ಹಾಕಿಸಿದ ಮೇಲೆ ನನಗೆ ಬೇಕಿದ್ದದ್ದು ರೇಡಿಯೊ. ಮಡಿಕೇರಿ ಆಕಾಶವಾಣಿ 103.1ರಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಗುಡ್ಡದ ಆಚೆ ಇಳಿದರೆ ಬರೀ ಕರಕರ. ಉಪಗ್ರಹ ರೇಡಿಯೊ ಅಂತಿದ್ದ ವರ್ಲ್ಡ್‌ಸ್ಪೇಸ್ 2009ರ ಕೊನೆಗೇ ಬಾಗಿಲು ಹಾಕಿತು. ಉಳಿದದ್ದು ದೂರದರ್ಶನದ ಡಿಡಿ ಫ್ರೀ ಡಿಶ್. ಟಿವಿ ಜೊತೆ ಆಕಾಶವಾಣಿ ವಾಹಿನಿಗಳೂ ಬರುತ್ತವೆ, ತಿಂಗಳ ದುಡ್ಡಿಲ್ಲ. ಗಾಡಿ ಓಡುವಾಗ ಮಾತ್ರ ಕೇಳಲಾಗುವುದಿಲ್ಲ, ನಿಲ್ಲಿಸಿ ಡಿಶ್ ತಿರುಗಿಸಿಕೊಳ್ಳಬೇಕು.

ಫ್ರೀ ಡಿಶ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೊಡಗಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಮೇಲೆ. ಅಷ್ಟು ಎತ್ತರದಲ್ಲಿ ಇರೋದು ನಮ್ಮ ಪುಣ್ಯ, ಗುಡ್ಡ ಅಷ್ಟಾಗಿ ಅಡ್ಡ ಬರುವುದಿಲ್ಲ. ತೋಟದಲ್ಲಿ ನಿಲ್ಲಿಸಿದರೆ ಮಾತ್ರ ಸಿಲ್ವರ್ ಓಕ್ ಮರ ಅಡ್ಡ ಬರುತ್ತದೆ.

ಲೆಕ್ಕ ಗೊತ್ತಿತ್ತಲ್ಲ, ಡಿಶ್ಶಿನ ಮುಖವನ್ನು ಸರಿಯಾಗಿ 65 ಡಿಗ್ರಿಗೆ ಎತ್ತಿದೆ. ಒಂದು ಗಂಟೆ ಒದ್ದಾಡಿದರೂ ಸಿಗ್ನಲ್ ಸೊನ್ನೆ. ಈ ಡಿಶ್‌ಗಳಲ್ಲಿ ಸಿಗ್ನಲ್ ಹಿಡಿಯುವ ತಲೆ, ಅಂದರೆ ಎಲ್‌ಎನ್‌ಬಿ, ನಡುವೆ ಇರುವುದಿಲ್ಲ, ಕೆಳ ಅಂಚಿನಿಂದ ಚಾಚಿರುತ್ತದೆ. ಹಾಗಾಗಿ ಡಿಶ್ ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲೆ ನೋಡುತ್ತಿರುತ್ತದೆ. ಮುಖವನ್ನು 40ರ ಸುಮಾರಿಗೆ ಇಳಿಸಿ ಮೆಲ್ಲಗೆ ತಿರುಗಿಸಿದೆ, ಸಿಕ್ಕಿತು! ಇನ್ನೊಂದು ಮಾತು, ಮೊಬೈಲಿನ ದಿಕ್ಸೂಚಿಯನ್ನು ವ್ಯಾನಿನ ಮೇಲಿಟ್ಟು ನೋಡಬೇಡಿ. ತಗಡಿನ ಹತ್ತಿರ ಅದು ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ದೂರ ಹೋಗಿ ನೋಡಿ.

ಕರೆಂಟಿನ ತಲೆನೋವು ಕಡಿಮೆ. ನನ್ನ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಕೊಡುವುದೇ 12 ವೋಲ್ಟ್, ವ್ಯಾನಿನ ಬ್ಯಾಟರಿಯೂ ಅಷ್ಟೇ. ಆದರೆ ಎಂಜಿನ್ ಓಡುವಾಗ ಬ್ಯಾಟರಿ 14 ದಾಟುತ್ತದೆ, ಅದಕ್ಕೇ ವೋಲ್ಟೇಜನ್ನು 12ಕ್ಕೇ ನಿಲ್ಲಿಸುವ ಒಂದು ಸಣ್ಣ ಕನ್ವರ್ಟರ್ ನಡುವೆ ಹಾಕಿದೆ.

ನಿಜವಾಗಿ ಬುದ್ಧಿ ಕಲಿಸಿದ್ದು ಕೇಬಲಿನ ತೂತು. ಮೇಲ್ಛಾವಣಿಯಲ್ಲಿ ಕೊರೆದು, ಕೇಬಲ್ ನೆಟ್ಟಗೆ ಇಳಿಸಿ, ಸುತ್ತ ಸಿಲಿಕೋನ್ ಅಂಟು ಮೆತ್ತಿ ಆಯ್ತು ಅಂದುಕೊಂಡೆ. ಭಾಗಮಂಡಲದಲ್ಲಿ ಒಂದು ರಾತ್ರಿ ಮಳೆ ಹಿಡಿಯಿತು. ಎರಡು ಗಂಟೆಗೆ ಮನೆಯವಳು ತಟ್ಟಿ ಎಬ್ಬಿಸಿ, "ರೀ, ನನ್ನ ದಿಂಬು ಒದ್ದೆ" ಅಂದಳು. ಟಾರ್ಚ್ ಬಿಟ್ಟರೆ ನೀರು ಕೇಬಲನ್ನೇ ಹಿಡಿದುಕೊಂಡು ಹನಿಹನಿಯಾಗಿ ಇಳಿಯುತ್ತಿದೆ. ಮರುದಿನ ಆ ತೂತು ಮುಚ್ಚಿಸಿ, ಪಕ್ಕದ ಗೋಡೆಯಲ್ಲಿ ಬೇರೆ ಕೊರೆಸಿ, ಕೇಬಲನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ಗ್ಲ್ಯಾಂಡ್ ಹಾಕಿಸಿದೆ. ಕೇಬಲನ್ನು ತೂತಿಗಿಂತ ಒಂದು ಗೇಣು ಕೆಳಗೆ ಜೋತು ಬಿಟ್ಟು, ಮತ್ತೆ ಮೇಲೆತ್ತಿ ಒಳಗೆ ತೂರಿಸಿದೆ. ಈಗ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೊರಗೆ ಬೀಳುತ್ತದೆ.

ಮಳೆ ತೀರಾ ಜೋರಾದರೆ ಸಿಗ್ನಲ್ ಹೋಗುತ್ತದೆ. ದಿಂಬಂತೂ ಒಣಗಿದೆ.